ಅತ್ತೆ ತಿಕ್ಕಿದ ಜರ್ಮನ್ ನಾಣ್ಯಗಳು

ಕ್ಷಮೆ ಕೇಳುವುದು ಸುಲಭ ಎನ್ನುವವರು ಬಹುಶಃ ಹೆಂಡತಿಯ ತಾಯಿಯ ಎದುರು ನಿಂತು ಕೇಳಿ ನೋಡಿದವರಲ್ಲ. ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಮಾತಿಗೇನು ಬರ ಎಂದು ನಾನೂ ಅಂದುಕೊಂಡಿದ್ದೆ. ಆ ಜಂಬ ಇಳಿಸಿದ್ದು ಜರ್ಮನಿ.

ನನಗೊಂದು ಹುಚ್ಚಿದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ತಾಮ್ರ, ನಿಕಲ್ ಎಲ್ಲ ಮದ್ದುಗುಂಡಿಗೆ ಹೋಗಿ ಚಿಲ್ಲರೆಯೇ ಸಿಗದಂತಾದಾಗ, ಅಲ್ಲಿನ ಖಾಸಗಿ ಕಂಪನಿಗಳು ಕಬ್ಬಿಣದಲ್ಲಿ, ಸತುವಿನಲ್ಲಿ ತಮ್ಮದೇ ನಾಣ್ಯ ಹೊಡೆಸಿದವು. ಅವನ್ನು ಎಲ್ಲೆಲ್ಲಿಂದಲೋ ತರಿಸಿ ರಾಮದುರ್ಗದ ನಮ್ಮ ಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಹೆಂಡತಿ ಶೋಭಾ ಅವನ್ನು 'ನಿಮ್ಮ ಬಿಲ್ಲೆ' ಎನ್ನುತ್ತಾಳೆ. ಹಳೆಯ ಕಪ್ಪು ಮೈಯೇ ಅವುಗಳ ಅಂದ, ತಿಕ್ಕಿದರೆ ಕೆಟ್ಟವು.

ಕಳೆದ ತಿಂಗಳು ಸುರೇಬಾನದಿಂದ ಅತ್ತೆ ನೀಲವ್ವ ಬಂದಿದ್ದರು. ಕೈ ಕಟ್ಟಿ ಕೂರುವುದು ಅವರಿಗೆ ಗೊತ್ತಿಲ್ಲ. ಸಂಜೆ ನಾನು ಮನೆಗೆ ಬಂದರೆ, ಅಂಗಳದಲ್ಲಿ ಹಾಸಿದ ಧೋತರದ ಮೇಲೆ ನನ್ನ ಇಡೀ ಜರ್ಮನಿ ಫಳಫಳ ಹೊಳೆಯುತ್ತ ಒಣಗುತ್ತಿತ್ತು. ಪಕ್ಕದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು.

"ತುಕ್ಕ ಹಿಡದಿದ್ವು ನೋಡ್ರಿ. ನಿಮಗ ಪುರುಸೊತ್ತ ಇರಂಗಿಲ್ಲ ಅಂತ ನಾನ ತಿಕ್ಕಿದೆ," ಎಂದರು ಅತ್ತೆ, ಸಂತೋಷದಿಂದ.

"ತಿಳೀಲಾರದ್ದಕ್ಕ ಯಾಕ ಕೈ ಹಚ್ಚತೀರಿ? ಇದೇನ್ ಅಡಗಿ ಮನಿ ತಂಬಗಿ ಅಂತ ಮಾಡೀರೇನು?" ಎಂದೆ. ಓಣಿಗೆಲ್ಲ ಕೇಳಿಸಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೊರಟೇಬಿಟ್ಟರು.

ಶೋಭಾ ಜಗಳವಾಡಲಿಲ್ಲ. "ಹೋಗಿ ತಪ್ಪಾತು ಅಂತ ಹೇಳಿ ಬರ್ರಿ," ಎಂದಳು, ಅಷ್ಟೇ. ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ರವಿವಾರ ಹೋದೆ.

ಅತ್ತೆಯ ಮನೆಯ ಕಟ್ಟೆಯ ಮೇಲೆ ಓಣಿಯವರು ಕುಳಿತಿದ್ದರು. "ಬರ್ರಿ, ಕುಂಡ್ರಿ," ಎಂದರು ಒಬ್ಬ ಹಿರಿಯರು. "ಅಳಿಯಾ ಭಾಳ ಶಾಣ್ಯಾ ಅದಾರ, ಜರ್ಮನಿ ರೊಕ್ಕ ಜ್ವಾಕಿ ಮಾಡ್ಯಾರ ಅಂತ ನೀಲವ್ವ ಹೇಳಾಕ ಹತ್ತಿದ್ಲು."

ನಾನು ಬಯ್ದ ಸುದ್ದಿ ಅಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಚಹಾ ತಂದ ಅತ್ತೆ, "ಅವರಿಗೂ ಆ ರೊಕ್ಕದ ಕತಿ ಹೇಳ್ರಿ," ಎಂದರು. ಹೇಳಿದೆ. ತಪ್ಪಾಯಿತು ಎನ್ನಲು ಹೊರಟಾಗಲೆಲ್ಲ ಸತು, ಕಬ್ಬಿಣ, ಯುದ್ಧ ಎಂದೇ ಬಾಯಿಂದ ಬಂತು. ಕಳಿಸಲು ಅತ್ತೆ ಬಸ್ಸಿನವರೆಗೆ ಬಂದಾಗ ಮತ್ತೊಮ್ಮೆ ಧೈರ್ಯ ಮಾಡಿದೆ.

"ಅತ್ತಿಯವರ, ಆವತ್ತ ನಾ..."

"ಏನ್ರಿ?"

"ಏನಿಲ್ಲ, ಬಿಸಲ ಭಾಳ ಐತಿ ಅಂದೆ."

ಮನೆಯಲ್ಲಿ ಶೋಭಾ, "ಹೇಳಿದ್ರೇನು?" ಎಂದಳು. "ಹೇಳಿದೆ," ಎಂದೆ. ಅವಳು ತಕ್ಷಣ ತಾಯಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಯವ್ವಾ, ಇವರು ತಪ್ಪಾತು ಅಂದ್ರೇನು?"

ಆ ಕಡೆಯಿಂದ ಅತ್ತೆಯ ದನಿ ಬಂತು: "ಹೂಂ, ಅಂದ್ರವ್ವ. ನಾ ಬ್ಯಾಡ ಅಂದ್ರೂ ಕೇಳಲಿಲ್ಲ. ಕಣ್ಣಾಗ ನೀರ ತಂದಿದ್ರು ಪಾಪ. ಇನ್ನ ನೀ ಏನೂ ಅನಬ್ಯಾಡ."

ಶೋಭಾಳ ಮುಖ ಮೆತ್ತಗಾಯಿತು. ತಾಟು ಹಾಕಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಬಡಿಸಿದಳು. ತಲೆ ಎತ್ತದೆ ತಿಂದೆ. "ಇನ್ನೊಂದ ಹಾಕಲೇನ್ರಿ?" ಎಂದು ಕೇಳಿದಳು.

ಹಾಕಿಸಿಕೊಂಡೆ.