ಪುಕ್ಕಟೆ ಸಾಫ್ಟ್‌ವೇರೂ ನನ್ನ ಅನುಮಾನವೂ

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ತರಕಾರಿಯವನು ಕೊಸರು ಹಾಕಿದರೆ ಸಂತೋಷಪಡುವವರಿದ್ದಾರೆ. ನಾನು ಮಾತ್ರ ತೂಕದಲ್ಲಿ ಎಷ್ಟು ಹೊಡೆದಿರಬಹುದು ಎಂದು ಯೋಚಿಸುತ್ತಾ ಮನೆಗೆ ಬರುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ, ಒದ್ದೆಯಾಗಿದೆಯೇ ಎಂದು ಮೊದಲು ಕೈಯಾಡಿಸಿ ನೋಡುತ್ತೇನೆ. 'ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ' ಎಂಬ ಗಾದೆ ಕಟ್ಟಿದವನು ನಮ್ಮ ಕುಟುಂಬದವನಂತೂ ಅಲ್ಲ.

ಇಂಥವನು ತೀರ್ಥಹಳ್ಳಿಯಲ್ಲಿ ಪುಸ್ತಕ ಪ್ರಕಾಶನ ನಡೆಸುತ್ತಿದ್ದೇನೆ. ಪುಟ ಜೋಡಿಸುವುದು ಹೆಂಡತಿ ಸುಮಿತ್ರಾ, ಅನುಮಾನಿಸುವುದು ನಾನು. ಈಚೆಗೆ ನಮ್ಮ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಹೊಸದು ತಂದರೆ, ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಅದರಲ್ಲಿ ತೆರೆಯಲೇ ಇಲ್ಲ. ಮೇಳಿಗೆಯ ನಿವೃತ್ತ ಮೇಷ್ಟ್ರೊಬ್ಬರ ಆತ್ಮಕಥೆ ಆಗ ನಮ್ಮ ಕೈಯಲ್ಲಿತ್ತು. ಹೊಸನಗರದಲ್ಲಿ ಬಿಡುಗಡೆಗೆ ದಿನ ಗೊತ್ತಾಗಿ, ಆಮಂತ್ರಣವನ್ನೂ ಹಂಚಿ ಆಗಿತ್ತು. ಎಂಬತ್ತು ದಾಟಿದ ಮೇಷ್ಟ್ರು ದಿನಾ ಫೋನ್ ಮಾಡಿ, "ನಾನಿರೋದ್ರೊಳಗೆ ಬರ್ತದನಾ ಮಾರಾಯ?" ಎಂದು ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ತಮಾಷೆಗೇ. ನಾನು ಮಾತ್ರ ಫೋನಿಟ್ಟವನೇ ಕ್ಯಾಲೆಂಡರ್ ನೋಡುತ್ತಿದ್ದೆ.

"ಓಪನ್ ಸೋರ್ಸಿಗೆ ಹೋಗೋಣ" ಎಂದಳು ಸುಮಿತ್ರಾ. "ಯಾರು ಬೇಕಾದ್ರೂ ಇಳಿಸ್ಕೋಬಹುದು. ಒಳಗೆ ಹೆಂಗೆ ಮಾಡಿದಾರೆ ಅಂತನೂ ನೋಡ್ಬಹುದು. ದುಡ್ಡಿಲ್ಲ."

"ದುಡ್ಡಿಲ್ದೆ ಎಂತಕ್ಕೆ ಕೊಡ್ತಾರೆ?"

"ಹಳೇದನ್ನ ಎಲ್ಲಿಂದ ತಂದಿದ್ರಿ?"

ಶಿವಮೊಗ್ಗದ ಪರಿಚಯದವರೊಬ್ಬರು ಸೀಡಿಗೆ ಹಾಕಿಕೊಟ್ಟದ್ದು ಎಂದೆ. ಅವರು ಎಲ್ಲಿಂದ ತಂದರೆಂದು ನಾನು ಕೇಳಿರಲಿಲ್ಲ.

"ಕದ್ದಿದ್ದನ್ನ ಇಷ್ಟು ವರ್ಷ ನಂಬಿದ್ರಿ. ಕೊಟ್ಟಿದ್ರ ಮೇಲೆ ಅನುಮಾನ" ಎಂದವಳೇ ಕೆಲಸ ಶುರುಮಾಡಿಬಿಟ್ಟಳು.

ಅವಳು ಊಟಕ್ಕೆದ್ದಾಗಲೆಲ್ಲ ನಾನು ಇಂಟರ್ನೆಟ್ಟಿನ ವೈರು ಕಿತ್ತಿಡುತ್ತಿದ್ದೆ. ಮೇಷ್ಟ್ರ ಬಾಲ್ಯವೆಲ್ಲ ನಮಗೆ ಗೊತ್ತಿಲ್ಲದಂತೆ ಪರದೇಶಕ್ಕೆ ಹೋಗಿಬಿಟ್ಟರೆ ಎಂದು ಅವಳನ್ನೇ ಕೇಳಿದೆ. "ಹೋಗ್ಲಿ ಬಿಡಿ, ಅಲ್ಲಾದ್ರೂ ನಾಲ್ಕು ಪ್ರತಿ ಖರ್ಚಾಗ್ತದೆ" ಎಂದಳು. ಅಷ್ಟರಲ್ಲಿ ಕೆಲವು ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಬಂದು ಕೂತವು. "ನೋಡಿದ್ಯಾ, ಬಿಟ್ಟಿ ಬಂದಿದ್ರ ಹಣೆಬರಹ" ಎಂದೆ. ನಿಜ ಹೇಳುತ್ತೇನೆ, ಬಿಡುಗಡೆ ತಲೆಯ ಮೇಲೆ ಕೂತಿದ್ದರೂ ನನಗೆ ಒಳಗೊಳಗೇ ಖುಷಿಯಾಗಿತ್ತು. ಸುಮಿತ್ರಾ ಆ ಸಾಫ್ಟ್‌ವೇರ್ ಬಳಸುವವರ ಗುಂಪಿಗೊಂದು ಸಂದೇಶ ಹಾಕಿದಳು. ಮರುದಿನ ಬೆಳಿಗ್ಗೆ, ಹೆಸರೇ ಕೇಳದ ಯಾರೋ ಒಬ್ಬರು ಏನೇನು ಮಾಡಬೇಕೆಂದು ಬಿಡಿಸಿ ಬರೆದಿದ್ದರು. ಹಾಗೆ ಮಾಡಿದೆವು; ಒತ್ತಕ್ಷರಗಳು ಸ್ವಸ್ಥಾನಕ್ಕೆ ಮರಳಿದವು. ಇನ್ನು ಬಿಲ್ಲು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಒಂದೇ ಸಾಲು: 'ಈಗ ಸರಿಯಾಯ್ತಾ?' ನನಗೆ ನಾಚಿಕೆಯಾಯಿತು.

ಬಿಡುಗಡೆಯ ದಿನ ಮೇಷ್ಟ್ರು ಪುಸ್ತಕ ತೆರೆದು, ಪುಟದ ಮೇಲೆ ಕೈಯಾಡಿಸಿ, "ಅಕ್ಷರ ದುಂಡಗೆ ಬಂದಿದಾವೆ" ಎಂದರು. ಜೀವಮಾನವೆಲ್ಲ ಮಕ್ಕಳ ಕೋಳಿಕಾಲು ಅಕ್ಷರ ತಿದ್ದಿದವರ ಬಾಯಲ್ಲಿ ಅಷ್ಟು ಮಾತು ಬಂದದ್ದಕ್ಕೆ ನನ್ನ ಕಣ್ಣು ತುಂಬಿತು.

ಆ ಉಮೇದಿನಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಸಾಗರದಲ್ಲಿ ನನ್ನ ಹಾಗೆಯೇ ಪ್ರಕಾಶನ ನಡೆಸುವ ಗಣಪತಿಯವರು, ತಮ್ಮ ಕಂಪ್ಯೂಟರೂ ಕೈಕೊಡುವ ಹಾಗಿದೆ ಎಂದು ಫೋನಿನಲ್ಲಿ ಗೋಳು ತೋಡಿಕೊಂಡರು. "ಭಾನುವಾರ ನಾನೇ ಬಂದು ಎಲ್ಲ ಹಾಕಿಕೊಟ್ಟು ಕಲಿಸ್ತೀನಿ. ನೀವು ಎಂತದೂ ಕೊಡೋದು ಬೇಡ" ಎಂದೆ. ಅವರು "ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟುಬಿಟ್ಟರು.

ಸಂಜೆ ಸುಮಿತ್ರಾಳ ಫೋನಿಗೆ ಅವರ ಕರೆ ಬಂತು. ಅವಳು ಹಿಟ್ಟು ನಾದುತ್ತಿದ್ದರಿಂದ ಫೋನು ಸ್ಪೀಕರಿನಲ್ಲಿತ್ತು.

"ಅಕ್ಕಾ, ನಿಮ್ಮನೆಯವ್ರು ದುಡ್ಡು ತಗಳ್ದೆ ಸಾಗರದವರೆಗೆ ಬರ್ತೀನಿ ಅಂತಿದಾರೆ. ಅವ್ರಿಗೆ ನಮ್ಮಿಂದ ಎಂತ ಆಗ್ಬೇಕಿತ್ತು?"

ಸುಮಿತ್ರಾ ನನ್ನ ಮುಖ ನೋಡುತ್ತಲೇ, "ನಂಗೂ ಅದೇ ಅನುಮಾನ" ಎಂದಳು.

ಅಂದಿನಿಂದ ನಾನೂ ನನ್ನ ಬಗ್ಗೆಯೇ ಯೋಚಿಸುತ್ತಿದ್ದೇನೆ. ಈ ಮನುಷ್ಯನನ್ನು ಹುಟ್ಟಿದಾಗಿನಿಂದ ಬಲ್ಲೆ; ಸುಮ್ಮಸುಮ್ಮನೆ ಬಸ್ಸು ಹತ್ತುವವನಲ್ಲ. ಏನೋ ಇರಲೇಬೇಕು.