ಸೈಲೆನ್ಸರ್ ಕರೆಂಟಿನಲ್ಲಿ ಚೆರ್ರಿ ಕೇಕು

ಇನ್ನು ಮುಂದೆ ತನ್ನ ಕಾರಿನ ಸೈಲೆನ್ಸರಿನಿಂದ ಒಂದು ಚಿಟಿಕೆ ಬಿಸಿಯನ್ನೂ ದಂಡಕ್ಕೆ ಬಿಡುವುದಿಲ್ಲ ಎಂದು ಎಕಾರ್ಟ್ ಶಪಥ ಮಾಡಿದ. ಜಿಪುಣತನಕ್ಕೆ ಹೆಸರಾದ ಜರ್ಮನಿಯ ಶ್ವಾಬಿಯಾದ ಗಂಡಸು ಅವನು. ಟೀ ಚೀಲವನ್ನು ಎರಡನೇ ಸಲ ಮುಳುಗಿಸದೆ ಎಸೆದವನಲ್ಲ. ಪೆಟ್ರೋಲಿನ ಬಿಸಿ ಬಹುಪಾಲು ಗಾಳಿಗೆ ಹೋಗುತ್ತದೆಂದು ಓದಿದ ದಿನದಿಂದ ಅವನಿಗೆ ಅನ್ನವೇ ಸೇರುತ್ತಿರಲಿಲ್ಲ. ಒಂದು ಮೈ ಬಿಸಿಯಾಗಿ ಇನ್ನೊಂದು ಮೈ ತಂಪಾಗಿದ್ದರೆ ಸಾಕು ಕರೆಂಟು ಕೊಡುವಂಥ ಬಿಲ್ಲೆಗಳನ್ನು ತರಿಸಿ, ಕಾರಿನಡಿ ಅಂಗಾತ ಮಲಗಿ, ಸೈಲೆನ್ಸರಿಗೆ ಸಾಲಾಗಿ ಬಿಗಿದ.

ಆ ಕರೆಂಟಿನ ಪಟ್ಟಾಭಿಷೇಕಕ್ಕೆ ಅತ್ತೆಯ ಎಂಬತ್ತನೇ ಹುಟ್ಟುಹಬ್ಬವೇ ಮುಹೂರ್ತವಾಯಿತು. ಹೆಂಡತಿ ಹೆಡ್ವಿಗ್ ಕೆನೆ, ಚೆರ್ರಿ, ಚಾಕೊಲೇಟು ಸೇರಿಸಿ ಮೂರಂತಸ್ತಿನ ಕೇಕು ಕಟ್ಟಿದ್ದಳು. ತಾಯಿ ಒಂದು ಸಲವೂ ಅವಳ ಕೇಕನ್ನು ಮೆಚ್ಚಿದವರಲ್ಲ. ಈ ಸಲ ಮೆಚ್ಚಿಸಿಯೇ ತೀರಬೇಕೆಂಬ ಹಟ ಅವಳಿಗೆ. ಜೂನ್ ಸೆಕೆಗೆ ಮಂಜುಗಡ್ಡೆ ಇಟ್ಟುಕೊಳ್ಳೋಣ ಅಂದಳು. ತನ್ನ ಕರೆಂಟಿನಲ್ಲಿ ನಡೆಯುವ ತಂಪುಪೆಟ್ಟಿಗೆ ಇರುವಾಗ ಮಂಜುಗಡ್ಡೆಯೇ ಎಂದು ಎಕಾರ್ಟ್ ನಕ್ಕುಬಿಟ್ಟ.

ಕಾರು ಹೊರಟು ಸ್ವಲ್ಪ ದೂರ ಹೋಗುತ್ತಲೇ ಕೇಕಿಟ್ಟಿದ್ದ ಪೆಟ್ಟಿಗೆಯ ದೀಪ ಹತ್ತಿತು! ಎಕಾರ್ಟ್‌ನ ಎದೆ ಸೀಟ್ ಬೆಲ್ಟು ಸಾಲದಷ್ಟು ಉಬ್ಬಿತು.

"ಕೆಂಪು ದೀಪ ಯಾಕ್ರೀ?"

"ಕರೆಂಟು ಜೋರಾಗಿದೆ ಅಂತ. ಮುಚ್ಚಳ ಮುಟ್ಬೇಡ, ತಂಪೆಲ್ಲ ಹೊರಟ್ಹೋಗುತ್ತೆ."

ಅತ್ತೆಯ ಹಳ್ಳಿ ಮುಟ್ಟಿದಾಗ ಎರಡೂವರೆ. ಕಾಫಿಗೆ ಕರೆದದ್ದು ಮೂರಕ್ಕೆ. ಅಷ್ಟು ಮೊದಲೇ ಕರೆಗಂಟೆ ಒತ್ತುವುದು ಅಲ್ಲಿಯವರಿಗೆ ಬಚ್ಚಲುಮನೆಗೆ ನುಗ್ಗಿದಷ್ಟೇ ಮರ್ಯಾದೆಗೇಡು. ಬೇರೆಯವರಾದರೆ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ ಕಾಯುತ್ತಾರೆ. ಎಕಾರ್ಟ್ ನಿಲ್ಲಿಸುವಂತಿಲ್ಲ! ಕಾರು ನಿಂತರೆ ಸೈಲೆನ್ಸರ್ ಆರುತ್ತದೆ, ಅದು ಆರಿದರೆ ಕರೆಂಟು ಹೋಗುತ್ತದೆ. ಹಾಗಾಗಿ ಚರ್ಚು, ಬೇಕರಿ, ಅತ್ತೆಯ ಬೇಲಿ, ಮತ್ತೆ ಚರ್ಚು ಎಂದು ಪ್ರದಕ್ಷಿಣೆ ಶುರುವಾಯಿತು. ಪ್ರತಿ ಸುತ್ತಿಗೂ ಅತ್ತೆ ಕಿಟಕಿಯ ಪರದೆ ಸರಿಸಿ ನೋಡಿದರು. ಪ್ರತಿ ಸುತ್ತಿಗೂ ಇವರು ಕಾಣದವರಂತೆ ಮುಂದೆ ಹೋದರು. ಕೇಕನ್ನು ಅಮ್ಮನ ಫ್ರಿಜ್ಜಿನಲ್ಲಿ ಇಟ್ಟುಬಿಡೋಣವೆಂದು ಹೆಡ್ವಿಗ್ ಗೋಗರೆದಳು. ಮೂರೆಂದರೆ ಮೂರೇ ಎಂದು ಎಕಾರ್ಟ್ ಗೇರು ಬದಲಿಸಿದ.

ಮೂರಕ್ಕೆ ಸರಿಯಾಗಿ ಕಾರು ನಿಂತಿತು. ಅತ್ತೆ ಓಟಿಲಿಯೆ ಕೋಲೂರಿಕೊಂಡು ಬೀದಿಗೇ ಬಂದರು. ಎಕಾರ್ಟ್ ರಾಜಗಾಂಭೀರ್ಯದಿಂದ ಮುಚ್ಚಳ ತೆಗೆದ. ಹಬೆ ಮುಖಕ್ಕೆ ಬಡಿಯಿತು. ಒಳಗೆ ಕೇಕು ಇರಲಿಲ್ಲ. ಚೆರ್ರಿಗಳು ಈಜಾಡುವ ಬಿಸಿ ಪಾಯಸವಿತ್ತು. ಅವನು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದ್ದ. ಕರೆಂಟು ಉಲ್ಟಾ ಹರಿದರೆ ಅಂಥ ಪೆಟ್ಟಿಗೆ ತಣಿಸುವುದಿಲ್ಲ, ಕಾಯಿಸುತ್ತದೆ. ಕೆಂಪು ದೀಪ ಹೇಳಿದ್ದೂ ಅದನ್ನೇ. ಸುತ್ತು ಹೊಡೆದಷ್ಟೂ ಕೇಕು ಬೆಂದಿತ್ತು!

"ಆ ಬಿಸೀನ ದಂಡಕ್ಕೆ ಬಿಡಲ್ಲ ಅಂದ್ರಲ್ಲ, ಜೋಪಾನವಾಗಿ ತಂದು ನನ್ನ ಕೇಕಿಗೇ ಸುರಿದ್ರಿ," ಎನ್ನುವಾಗ ಹೆಡ್ವಿಗ್‌ಳ ಕಣ್ಣು ತುಂಬಿಬಂತು. ಎಕಾರ್ಟ್‌ಗೆ ನಿಜಕ್ಕೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಬೆರಳದ್ದಿ ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು.

"ಚೆನ್ನಾಗಿದೆ ಕಣೇ. ಇಷ್ಟು ವರ್ಷ ಆ ತಣ್ಣನೆ ಕೇಕಿಗೆ ನನ್ನ ಹಲ್ಲು ಜುಂ ಅಂತಿತ್ತು."

ಹೆಡ್ವಿಗ್ ಅಳುವುದನ್ನು ಮರೆತಳು. ಎಕಾರ್ಟ್‌ನ ಎದೆ ಮತ್ತೆ ಉಬ್ಬತೊಡಗಿತು. ಪಾಯಸವನ್ನೆಲ್ಲ ಪಾತ್ರೆಗೆ ಸುರಿದ ಮೇಲೆ ಅತ್ತೆ ಖಾಲಿಯಾದ ಪೆಟ್ಟಿಗೆಯೊಳಗೆ ಕೈಯಾಡಿಸಿ ನೋಡಿದರು, ಇನ್ನೂ ಬೆಚ್ಚಗಿತ್ತು. ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ ಬಿಡದವರು ಅವರು.

ನೆಂಟರೆಲ್ಲ ಒಳಗೆ ಚೆರ್ರಿ ಪಾಯಸ ಚಪ್ಪರಿಸುತ್ತಿದ್ದಾಗ ಎಕಾರ್ಟ್ ಮತ್ತೆ ಚರ್ಚಿನ ಸುತ್ತ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಎರಡೂ ಪಾದ ಪೆಟ್ಟಿಗೆಯೊಳಗೆ. ಕಾರು ನಿಧಾನವಾದಾಗಲೆಲ್ಲ ಕೋಲು ಅವನ ಹೆಗಲಿಗೆ ತಾಗುತ್ತಿತ್ತು.

"ನಿಲ್ಲಿಸ್ಬೇಡಿ ಅಳಿಯಂದ್ರೇ, ಹೆಬ್ಬೆರಳು ಈಗ ತಾನೇ ಬೆಚ್ಚಗಾಗ್ತಿದೆ."