ಹೋಬರ್ಟನ ಹಿತ್ತಲು ಮತ್ತು ನಾಲ್ಕು ಪುಟದ ಫಾರ್ಮು

ಹೋಬರ್ಟ್ ಪಿಂಕ್ನಿ ಅವತ್ತು ಪಟ್ಟ ಪಾಡಿಗೆಲ್ಲ ಕಾರಣ ಇಷ್ಟೇ. ವಿಮೆಯವರ ಹೊಸ ಫಾರ್ಮಿನಲ್ಲಿ "ಪರವಾಗಿಲ್ಲ" ಅನ್ನುವ ಖಾನೆ ಇರಲಿಲ್ಲ.

ಫ್ಲೋರಿಡಾದ ಲೇಕ್ ಹ್ಯಾಟಿ ಊರಿನಲ್ಲಿ ಹಳೇ ಮನೆಗಳನ್ನು ತಪಾಸಣೆ ಮಾಡಿ ವಿಮಾ ಕಂಪನಿಗಳಿಗೆ ವರದಿ ಕೊಡುವುದು ಮೂವತ್ತು ವರ್ಷದಿಂದ ಅವನ ಕಸುಬು. ಅವನ ವರದಿಯೋ, ಸೋದರಮಾವ ಬರೆದ ಕಾಗದದ ಹಾಗೆ ಇರುತ್ತಿತ್ತು. "ಛಾವಣಿಗೆ ವಯಸ್ಸಾಗಿದೆ, ಆದರೂ ಇನ್ನೆರಡು ಬಿರುಗಾಳಿ ತಡೆದೀತು. ನಾಯಿ ದೊಡ್ಡದು, ಆದರೆ ಸಂಭಾವಿತ" ಎಂದೆಲ್ಲ ಬರೆಯುತ್ತಿದ್ದ. ಕಂಪನಿಯವರು ಓದಿ ಪಾಲಿಸಿ ಕೊಡುತ್ತಿದ್ದರು, ಊರು ನೆಮ್ಮದಿಯಾಗಿತ್ತು.

ಈಗ ಎಲ್ಲ ಕಂಪನಿಗಳಿಗೂ ಒಂದೇ ಫಾರ್ಮು. ಛಾವಣಿ, ಕರೆಂಟು, ಕೊಳಾಯಿ, ಏಸಿ ಎಂದು ನಾಲ್ಕು ಬಾಬತ್ತು. ಪ್ರತಿಯೊಂದಕ್ಕೂ ಸರಿಯಿದೆ, ಸರಿಯಿಲ್ಲ ಎಂದು ಎರಡೇ ಚೌಕ. ಮನೆಯ ನಾಲ್ಕೂ ಬದಿಯ ಫೋಟೊ ಬೇಕು. ಕೊನೆಯ ಪುಟದಲ್ಲಿ ಇನ್ನಷ್ಟು ಪ್ರಶ್ನೆ: ಕಚ್ಚುವ ನಾಯಿ ಇದೆಯೇ? ಮಕ್ಕಳು ಕುಣಿಯುವ ಸ್ಪ್ರಿಂಗಿನ ಹಾಸು ಇದೆಯೇ? ದನ, ಕುರಿ, ಮೇಕೆ? ಒಂದಕ್ಕೆ ಹೌದು ಅಂದರೂ ಅರ್ಜಿ ಬಿದ್ದುಹೋಗುತ್ತಿತ್ತು. ನಾಯಿ ಸಂಭಾವಿತವೋ ಅಲ್ಲವೋ ಎಂದು ಬರೆಯಲು ಬೆರಳಗಲ ಜಾಗವನ್ನೂ ಬಿಟ್ಟಿರಲಿಲ್ಲ.

ಹೋಬರ್ಟ್ ವಾಸವಿದ್ದ ಪೆಲಿಕನ್ ಬೀದಿಯ ಮನೆಗಳನ್ನೆಲ್ಲ ಒಬ್ಬನೇ ಕಂಟ್ರಾಕ್ಟರು ಒಂದೇ ವರ್ಷ ಕಟ್ಟಿದ್ದ. ಹಾಗಾಗಿ ಎಲ್ಲರ ಮನೆಗೂ ಒಂದೇ ವಾರ ವಿಮೆಯವರ ನೋಟೀಸು ಬಂತು. ಗುರುವಾರ ಸಂಜೆ ಐದರೊಳಗೆ ಫಾರ್ಮು ಸೇರದಿದ್ದರೆ ಪಾಲಿಸಿ ರದ್ದು. ಅದೇ ಹೊತ್ತಿಗೆ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದು ಹೆಸರನ್ನೂ ಇಟ್ಟುಕೊಂಡಿತ್ತು. ಚಂಡಮಾರುತ ಹತ್ತಿರ ಬಂದ ಮೇಲೆ ಅದು ಹೋಗುವ ತನಕ ಯಾವ ಕಂಪನಿಯೂ ಹೊಸ ಅರ್ಜಿ ಮುಟ್ಟುವುದಿಲ್ಲ. ಹಿಂದಿನ ಸಲ ಹೋಬರ್ಟನ ಮನೆಯ ಛಾವಣಿ ಹಾರಿ ಕೆರೆಗೆ ಬಿದ್ದಾಗ ಕೈಹಿಡಿದದ್ದು ವಿಮೆಯೇ. ಈ ಸಲ ವಿಮೆಯಿಲ್ಲದೆ ಗಾಳಿಗೆ ಎದುರು ಕೂರುವುದನ್ನು ನೆನೆದರೆ ಅವನಿಗೂ ಹೆಂಡತಿ ಲೊರೀನಳಿಗೂ ಊಟ ಸೇರುತ್ತಿರಲಿಲ್ಲ.

ಆದರೆ ಹೋಬರ್ಟ್ ತಯಾರಾಗಿದ್ದ. ಹೊಸ ಛಾವಣಿ, ಹೊಸ ಕರೆಂಟ್ ಬೋರ್ಡು, ಹೊಸ ಬಿಸಿನೀರಿನ ಹಂಡೆ, ಏಸಿ ಕೊಳವೆಗೆ ಹೊಸ ಕಪ್ಪು ಸ್ಪಂಜಿನ ಹೊದಿಕೆ. ಅವನ ಮನೆಗೆ ಅವನೇ ಸಹಿ ಹಾಕುವಂತಿಲ್ಲವಾದ್ದರಿಂದ ಗುರುವಾರ ನಾಲ್ಕು ಗಂಟೆಗೆ ಒಡಾಲಿಸ್ ಬರುವವಳಿದ್ದಳು. ಅವನ ಕೈಕೆಳಗೇ ಕೆಲಸ ಕಲಿತು ಈಗ ಸ್ವಂತ ಲೈಸೆನ್ಸು ಪಡೆದ ಹುಡುಗಿ. "ಕಂಡದ್ದನ್ನ ಬರಿ. ಅಲ್ಲೇ ನಿಂತು ಕಳಿಸು. ಮನೆಗೆ ಹೋಗಿ ಯೋಚನೆ ಮಾಡ್ತಾ ಕೂರಬೇಡ" ಎಂದು ಅವನೇ ಅವಳಿಗೆ ಹೇಳಿಕೊಟ್ಟಿದ್ದ.

ಗುರುವಾರ ಬೆಳಿಗ್ಗೆ ಹೋಬರ್ಟ್ ಮೊದಲು ಹೋದದ್ದು ಮಿಸ್ ಯೂಲಾಳ ಮನೆಗೆ. ಎಂಬತ್ತು ದಾಟಿದ ವಿಧವೆ. ಅವಳ ಮಗ ಸೀಗಡಿ ಹಿಡಿಯುವ ದೋಣಿಯ ಕೆಲಸಕ್ಕೆ ಹೋಗುವಾಗ ತನ್ನ ನಾಯಿಯನ್ನು ಅವಳ ಹತ್ತಿರ ಬಿಟ್ಟವನು ಮೂರು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ. ನಾಯಿಯ ಹೆಸರು ಪ್ರೀಚರ್. ಕರುವಿನಷ್ಟು ಎತ್ತರ. ಹೋಬರ್ಟ್ ಏಣಿ ಇಡಲು ಬಗ್ಗಿದ್ದೇ ತಡ, ಪ್ರೀಚರ್ ಅವನ ಪ್ಯಾಂಟಿನ ಹಿಂಭಾಗವನ್ನು ಒಳಗಿನ ಮಾಂಸದ ಸಮೇತ ಹಿಡಿದುಕೊಂಡಿತು.

"ಅದು ಹಾಗೆಲ್ಲ ಮಾಡೋದಿಲ್ಲ ಮಗಾ" ಎಂದಳು ಮಿಸ್ ಯೂಲಾ, ಗಾಯಕ್ಕೆ ಬಟ್ಟೆ ಕಟ್ಟುತ್ತ. "ನಿನ್ನ ಕಂಡ್ರೆ ಇಷ್ಟ ಅನ್ಸತ್ತೆ. ನನ್ನನ್ನಂತೂ ಮೂಸಿಯೂ ನೋಡಲ್ಲ. ಎರಡು ಸೋಫಾ ತಿಂದಿದೆ, ಒಂದು ಹಲ್ಲಿನ ಸೆಟ್ಟೂ ತಿಂದಿದೆ."

"ಮಿಸ್ ಯೂಲಾ, ಕೇಳಿ ಇಲ್ಲಿ. ಫಾರ್ಮಿನಲ್ಲಿ ನಾಯಿ ಅಂತ ಬಿದ್ರೆ ನಿಮ್ಮ ಪಾಲಿಸಿ ಹೋಯ್ತು."

"ಅಯ್ಯೋ, ಈ ಗಾಳಿ ಬರೋ ಹೊತ್ತಲ್ಲಿ ನಾನೆಲ್ಲಿಗೆ ಹೋಗ್ಲಿ?" ಮುದುಕಿಯ ಕಣ್ಣು ತುಂಬಿತು.

ಹೋಬರ್ಟ್ ಫಾರ್ಮಿನ ಕೊನೆಯ ಪುಟ ತಿರುಗಿಸಿ ನೋಡಿದ. ಮೊದಲಾಗಿದ್ದರೆ ಒಂದು ಸಾಲು ಬರೆದು ಸರಿಮಾಡುತ್ತಿದ್ದ. ಈಗ ಆ ಸಾಲಿಗೆ ಜಾಗವಿಲ್ಲ. ಅವನು ಗಡಿಯಾರ ನೋಡಿದ. "ನಾನು ಕಾಫಿ ಕುಡ್ಕೊಂಡು ಅರ್ಧ ಗಂಟೇಲಿ ಬರ್ತೀನಿ. ಬಂದಾಗ ಕಂಡದ್ದನ್ನ ಬರೀತೀನಿ. ಕಾಣದೇ ಇರೋದು ಎಲ್ಲಿಗೆ ಹೋಯ್ತು ಅಂತ ನಾನು ಕೇಳೋನಲ್ಲ."

ತಿರುಗಿ ಬಂದಾಗ ಪ್ರೀಚರ್ ಇರಲಿಲ್ಲ. ಹೋಬರ್ಟ್ ಕೇಳಲಿಲ್ಲ. ಕಚ್ಚುವ ನಾಯಿ ಇಲ್ಲ ಎಂದು ಗುರುತು ಹಾಕಿ, ನಿಂತುಕೊಂಡೇ ಸಹಿ ಮಾಡಿದ. ಕೂರುವ ಸ್ಥಿತಿಯಲ್ಲಿ ಅವನು ಇರಲಿಲ್ಲ.

ಪಕ್ಕದ ಮನೆ ಡ್ವೇನನದು. ಮೂರು ಮಕ್ಕಳ ತಂದೆ. ಹಿತ್ತಲ ಅರ್ಧದಷ್ಟು ಜಾಗವನ್ನು ಸ್ಪ್ರಿಂಗಿನ ಹಾಸು ಹಿಡಿದಿತ್ತು.

"ಮಿಸ್ಟರ್ ಹೋಬರ್ಟ್, ಮಿಸ್ ಯೂಲಾ ಎಲ್ಲಾ ಹೇಳಿದ್ರು" ಎಂದು ಡ್ವೇನ್ ಕಣ್ಣು ಮಿಟುಕಿಸಿದ. "ನೀವು ಕಾಫಿ ಕುಡ್ಕೊಂಡ್ ಬನ್ನಿ."

"ಈಗಷ್ಟೇ ಕುಡಿದೆ ಕಣಯ್ಯಾ."

"ಇನ್ನೊಂದು ಕುಡೀರಿ. ನಾಲ್ಕು ಜನ ಬೇಕು ಇದನ್ನ ಎತ್ತೋಕೆ."

ಎದುರು ಮನೆ ರಾಮಿರೋವಿನದು. ಅವನ ಹತ್ತಿರ ಎರಡು ಮೇಕೆ ಇದ್ದವು. ಒಂದು ಮೇಕೆ ಹೋಬರ್ಟ್ ಟಿಪ್ಪಣಿ ಮಾಡಿಕೊಂಡಿದ್ದ ಕಾಗದವನ್ನು ಅವನ ಜೇಬಿನಿಂದಲೇ ಎಳೆದು ತಿಂದಿತು. "ಡಾನ್ ಹೋಬರ್ಟ್, ನೀವು ದೇವರಂಥೋರು" ಎಂದು ರಾಮಿರೋ ತನ್ನ ಸ್ಪ್ಯಾನಿಷ್ ರೀತಿಯಲ್ಲಿ ಗೌರವ ಸೇರಿಸಿ ಎದೆ ಮುಟ್ಟಿಕೊಂಡ. "ಮೂರನೇ ಕಾಫಿಗೆ ನಮ್ಮಮ್ಮ ಮಾಡಿರೋದೇ ಕುಡೀರಿ. ಅಷ್ಟರೊಳಗೆ ಇವನ್ನ ಸಾಗಿಸ್ತೀನಿ." ಹೋಬರ್ಟ್ ಆಗಲೂ ಎಲ್ಲಿಗೆ ಎಂದು ಕೇಳಲಿಲ್ಲ.

ಮಧ್ಯಾಹ್ನದೊಳಗೆ ಮೂರೂ ಫಾರ್ಮು ಕಂಪನಿಗೆ ಹೋದವು. ಫಾರ್ಮು ಕಲ್ಲಿನಂಥದ್ದಾದರೂ ಮನುಷ್ಯನಿಗೆ ಬುದ್ಧಿ ಅಂತ ಒಂದಿದ್ದರೆ ನೆರೆಹೊರೆ ಉಳಿಯುತ್ತದೆ ಎಂದುಕೊಂಡು ಅವನು ಕೆರೆಯಾಚೆಯ ಇನ್ನೊಂದು ಮನೆಗೆ ಹೊರಟ. ಅಲ್ಲಿ ಮನೆಯಡಿಯ ಇಕ್ಕಟ್ಟಿನಲ್ಲಿ ತೆವಳಿಕೊಂಡು ಕೊಳಾಯಿ ನೋಡುವಾಗ ಬೆಳಗಿನ ಗಾಯ ಅವನಿಗೆ ಪ್ರೀಚರನನ್ನು ಪದೇ ಪದೇ ನೆನಪಿಸಿತು. ವಾಪಸು ಬರುವಾಗ ಬಿರುಗಾಳಿಗೆ ಹೆದರಿದ ಊರೆಲ್ಲ ನೀರಿನ ಬಾಟಲಿ, ಪ್ಲೈವುಡ್ ತರಲು ರಸ್ತೆಗಿಳಿದಿತ್ತು. ಮನೆ ಮುಟ್ಟಿದಾಗ ನಾಲ್ಕೂಕಾಲು. ಬಾಗಿಲಲ್ಲಿ ಒಡಾಲಿಸಳ ಕಾರು ನಿಂತಿತ್ತು.

ಲೊರೀನ್ ನಗುನಗುತ್ತ ಎದುರು ಬಂದಳು. "ಒಳಗೆಲ್ಲ ನೋಡಿ ಆಯ್ತು. ಛಾವಣಿ, ಬೋರ್ಡು, ಹಂಡೆ, ಎಲ್ಲಾ ಸರಿಯಿದೆ ಅಂದ್ಲು. ಈಗ ಹಿತ್ತಲಲ್ಲಿದಾಳೆ. ಅಂದ ಹಾಗೆ, ನೀನು ಹೇಳಿ ಕಳಿಸಿದ ಸಾಮಾನೆಲ್ಲ ಬಂತು."

"ನಾನೇನು ಹೇಳಿ ಕಳಿಸಿದೆ?"

"ಎಲ್ಲಾದ್ರೂ ಸಾಗಿಸಿ ಅಂದೆಯಂತಲ್ಲ. ಬೀದಿಗೆಲ್ಲ ಎತ್ತರದ ಬೇಲಿ ಇರೋದು ನಮಗೊಬ್ಬರಿಗೇ. ಇನ್‌ಸ್ಪೆಕ್ಟರ ಹಿತ್ತಲನ್ನ ಯಾರು ಇನ್‌ಸ್ಪೆಕ್ಷನ್ ಮಾಡ್ತಾರೆ ಅಂದ ಡ್ವೇನು. ನಂಗೂ ಸರಿ ಅನ್ನಿಸ್ತು."

"ಇವತ್ತು ನಮ್ಮ ಮನೇದೂ ಇದೆ ಅನ್ನೋದು ಮರೆತೆಯಾ?"

ಲೊರೀನಳ ನಗು ಅಲ್ಲೇ ನಿಂತಿತು. "ಅವಳು ಬರೀ ನಾಲ್ಕು ಬಾಬತ್ತು ನೋಡ್ತಾಳೆ ಅಂತ ನೀನೇ ಹೇಳಿದ್ದೆ" ಎಂದಳು.

ಹೋಬರ್ಟ್ ಕುಂಟುತ್ತ ಹಿತ್ತಲಿಗೆ ಓಡಿದ. ಸ್ಪ್ರಿಂಗಿನ ಹಾಸಿನ ಮೇಲೆ ಒಂದು ಮೇಕೆ ನಿಂತು ಮೆಲ್ಲಗೆ ಮೇಲೆ ಕೆಳಗೆ ಹೋಗುತ್ತಿತ್ತು. ಹಾಸಿನ ಕೆಳಗೆ ಪ್ರೀಚರ್ ಮಲಗಿತ್ತು. ಇನ್ನೊಂದು ಮೇಕೆ ಏಸಿ ಕೊಳವೆಯ ಹೊಸ ಹೊದಿಕೆಯನ್ನು ಬುಡದಿಂದ ತುದಿಯವರೆಗೆ ತಿಂದು ಮುಗಿಸಿ, ಬಾಯಿ ಆಡಿಸುತ್ತಿತ್ತು. ಇವರೆಲ್ಲರೂ ಒಂದೇ ಚೌಕಟ್ಟಿನೊಳಗೆ ಬರುವಂತೆ ಹಿಂದೆ ಸರಿದು ಒಡಾಲಿಸ್ ಫೋಟೊ ತೆಗೆಯುತ್ತಿದ್ದಳು.

"ಸಾರ್, ಒಳ್ಳೇ ಹೊತ್ತಿಗೆ ಬಂದ್ರಿ" ಎಂದಳು. ಅವಳ ಮುಖ ಬಾಡಿತ್ತು. "ಇದನ್ನ ನೋಡಿ ನಂಗೇ ಬರೆಯೋಕೆ ಕೈ ಬರ್ತಿಲ್ಲ. ಇವು ನಿಮ್ಮದಲ್ಲ ತಾನೆ?"

"ನನ್ನದ್ಯಾಕಾಗತ್ತೆ?"

"ಹಾಗಾದ್ರೆ ಉಳ್ಕೊಂಡ್ರಿ. ನಿಮ್ಮದಲ್ಲ ಅಂದ್ರೆ ನಿಜವಾಗ್ಲೂ ಯಾರದು ಅಂತ ಹೆಸರು, ವಿಳಾಸ ಹಾಕೋಕೆ ಒಂದು ಖಾನೆ ಇದೆ. ಕಂಪನಿಯವರು ಅವರ ಫಾರ್ಮಿನ ಜೊತೆ ತಾಳೆ ನೋಡ್ಕೊಂಡು ಬಿಟ್ಟುಬಿಡ್ತಾರೆ. ನಾಯಿ ಯಾರದು ಸಾರ್?"

ಹೋಬರ್ಟ್ ಹೆಸರು ಹೇಳಲು ಹೊರಟವನು ತಡೆದುಕೊಂಡ. ಮಿಸ್ ಯೂಲಾಳ ಮನೆಯಲ್ಲಿ ನಾಯಿ ಇಲ್ಲ ಎಂದು ಬರೆದಿದ್ದ ಫಾರ್ಮು ಬೆಳಿಗ್ಗೆಯೇ ಕಂಪನಿ ಸೇರಿತ್ತು. ಅದರ ಕೆಳಗೆ ಅವನದೇ ಸಹಿ, ಅವನದೇ ಲೈಸೆನ್ಸ್ ನಂಬರು. ಡ್ವೇನನ ಹೆಸರು ಹೇಳಿದರೂ ಅದೇ ಕತೆ, ರಾಮಿರೋವಿನ ಹೆಸರು ಹೇಳಿದರೂ ಅದೇ ಕತೆ. ಮೂವತ್ತು ವರ್ಷದ ಅನ್ನ ಹೋಗುತ್ತದೆ, ಜೊತೆಗೆ ಮೂರು ಮನೆಯ ಪಾಲಿಸಿಯೂ ಹೋಗುತ್ತದೆ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

"ನನ್ನದೇ" ಎಂದ.

"ಸಾರ್?"

"ನಾಯಿ ನನ್ನದೇ. ಹೆಸರು ಪ್ರೀಚರ್. ಮೇಕೆಗಳೂ ನಮ್ಮವೇ."

"ಈ ಹಾಸು?"

"ಲೊರೀನ್ ಕುಣೀತಾಳೆ" ಎಂದ ಹೋಬರ್ಟ್. "ಡಾಕ್ಟ್ರು ಹೇಳಿದಾರೆ." ಅಡುಗೆಮನೆ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಲೊರೀನ್ ಪರದೆ ಎಳೆದುಕೊಂಡಳು.

ಒಡಾಲಿಸ್ ನಿಟ್ಟುಸಿರು ಬಿಟ್ಟು ಒಂದೊಂದೇ ಗುರುತು ಹಾಕಿದಳು. "ಕೊನೇದು ಒಂದಿದೆ. ಈ ನಾಯಿ ಯಾರನ್ನಾದ್ರೂ ಕಚ್ಚಿದ್ದುಂಟಾ?"

"ಇಲ್ಲವೇ ಇಲ್ಲ. ಸಂಭಾವಿತ" ಎಂದು ಹೋಬರ್ಟ್ ತಿರುಗಿದ.

ಹರಿದ ಪ್ಯಾಂಟೂ ಅದರೊಳಗಿನ ರಕ್ತದ ಬಟ್ಟೆಯೂ ಅವಳ ಕಣ್ಣಿಗೆ ಬಿದ್ದವು. "ಕ್ಷಮಿಸಿ ಸಾರ್, ಕಂಡದ್ದನ್ನ ಬರೀಬೇಕು ಅಂತ ಕಲಿಸಿದ್ದು ನೀವೇ" ಎಂದು ಗುರುತು ಹಾಕಿ, ಅಲ್ಲೇ ನಿಂತು ಕಳಿಸಿದಳು.

ಐದಕ್ಕೆ ಐದು ನಿಮಿಷ ಇರುವಾಗ ಕಂಪನಿಯ ಉತ್ತರ ಬಂತು. ನಾಲ್ಕು ಬಾಬತ್ತಿನಲ್ಲಿ ಮೂರು ಸರಿ, ಏಸಿ ಸರಿಯಿಲ್ಲ. ಕೊನೆಯ ಪುಟ ಪೂರ್ತಿ ಸರಿಯಿಲ್ಲ. ಪಾಲಿಸಿ ರದ್ದು. ಐದು ಗಂಟೆಗೆ ಸರಿಯಾಗಿ ಟಿವಿಯಲ್ಲಿ, ಇನ್ನು ಮುಂದೆ ಚಂಡಮಾರುತ ದಾಟುವ ತನಕ ಯಾರೂ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿದರು. ಲೊರೀನ್ ಟಿವಿ ಆರಿಸಿ ಕುರ್ಚಿಯಲ್ಲಿ ಕೂತಳು. ಹೋಬರ್ಟ್ ನಿಂತೇ ಇದ್ದ.

ಆಗ ಯಾರೋ ಬಾಗಿಲು ತಟ್ಟಿದರು. ಮಿಸ್ ಯೂಲಾ ಪೀಚ್ ಹಣ್ಣಿನ ಬಿಸಿ ಕಾಬ್ಲರ್ ಎಂಬ ಸಿಹಿತಿಂಡಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಡ್ವೇನು, ರಾಮಿರೋ. ಮೂವರ ಮುಖವೂ ಅರಳಿತ್ತು.

"ಪಾಸಾಯ್ತು ಮಗಾ. ನಮ್ಮ ಮೂವರದೂ ಪಾಸಾಯ್ತು" ಎಂದಳು ಮುದುಕಿ. "ನಿನ್ನ ಉಪಕಾರ ಸಾಯೋ ತನಕ ಮರೆಯಲ್ಲ."

"ಒಳ್ಳೇದಾಯ್ತು ಮಿಸ್ ಯೂಲಾ" ಎಂದ ಹೋಬರ್ಟ್ ತಣ್ಣಗೆ. "ನಮ್ಮದಂತೂ ಹೋಯ್ತು. ಇರಲಿ. ಈಗ ನಿಮ್ಮ ನಾಯೀನ ಕರ್ಕೊಂಡ್ ಹೋಗಿ."

ಮಿಸ್ ಯೂಲಾ ಕಾಬ್ಲರನ್ನು ಅವನ ಕೈಗಿಟ್ಟಳು. ಆಮೇಲೆ ಡ್ವೇನನ ಮುಖ ನೋಡಿದಳು, ರಾಮಿರೋವಿನ ಮುಖ ನೋಡಿದಳು. ಇಬ್ಬರೂ ನೆಲ ನೋಡುತ್ತಿದ್ದರು.

"ಯಾವ ನಾಯಿ ಮಗಾ?" ಎಂದಳು. "ನಮ್ಮನೇಲಿ ನಾಯಿ ಇಲ್ಲ ಅಂತ ನೀನೇ ಸಹಿ ಹಾಕಿ ಕೊಟ್ಟಿದೀಯಲ್ಲ."